ಅಜ್ಜಿಗೆ ವಿಚಿತ್ರ ಅನ್ನಿಸದ ಹಾಡು

ಪ್ರಶ್ನೆ: ನಾವು ನಾಲ್ವರು ಗೆಳೆಯರು. ಕಾಲೇಜಿನ ದಿನಗಳಿಂದ ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡನ್ನು ಕೇಳುತ್ತಾ ಬಂದವರು. ಭಾನುವಾರ ಸಂಜೆ ಉಣಕಲ್ ಕೆರೆ ದಂಡೆಯ ಮೇಲೆ ಸೇರಿದಾಗಲೆಲ್ಲ ಒಂದೇ ಜಗಳ. ಇವರ ಆಲ್ಬಂಗಳಲ್ಲಿ ಎಲ್ಲಕ್ಕಿಂತ ವಿಚಿತ್ರ ಹಾಡು ಯಾವುದು? ಒಬ್ಬ ‘ರೆವಲ್ಯೂಷನ್ 9’ ಅನ್ನುತ್ತಾನೆ. ಇನ್ನೊಬ್ಬ ‘ಟುಮಾರೋ ನೆವರ್ ನೋಸ್’ ಬಿಟ್ಟು ಕೆಳಗಿಳಿಯುವುದಿಲ್ಲ. ಮೂರನೆಯವನದು ‘ವೈಲ್ಡ್ ಹನಿ ಪೈ’. ನನ್ನ ಮತ ‘ವಿದಿನ್ ಯು ವಿದೌಟ್ ಯು’ ಹಾಡಿಗೆ. ಹೋದ ತಿಂಗಳು ನಾಲ್ಕನ್ನೂ ಮನೆಯಲ್ಲಿ ಹಾಕಿ ಕೇಳುತ್ತಿದ್ದೆವು. ಅಡುಗೆಮನೆಯಿಂದ ಅಜ್ಜಿ ಬಂದು, “ಇದೊಂದ ಸರಿ ಐತಿ ನೋಡ್ರಿ, ರೇಡಿಯೋದಾಗ ಬರ್ತಿತ್ತಲ್ಲ, ಹಂಗ” ಅಂದರು. ಅವರು ಹೇಳಿದ್ದು ನನ್ನ ಹಾಡಿಗೇ! ಗೆಳೆಯರು ಇನ್ನೂ ಕಾಡಿಸುತ್ತಿದ್ದಾರೆ. ನೀವೇ ತೀರ್ಪು ಹೇಳಿ. — ಹುಬ್ಬಳ್ಳಿಯ ಓದುಗರು

ಉತ್ತರ: ನಿಮ್ಮ ಪಟ್ಟಿಯಿಂದ ಮೊದಲು ತೆಗೆಯಬೇಕಾದದ್ದು ನಿಮ್ಮ ಹಾಡನ್ನೇ. ಅಜ್ಜಿ ಹೇಳಿದ್ದು ಸರಿ. ಅವರಿಗೆ ಗೊತ್ತಿಲ್ಲದೆಯೇ ತುಂಬಾ ಸರಿಯಾಗಿ ಹೇಳಿದ್ದಾರೆ. ಅದನ್ನು ಆಮೇಲೆ ವಿವರಿಸುತ್ತೇನೆ.

ಇಂಥ ಜಗಳ ನಮ್ಮ ಕಡೆ ಹೊಸದಲ್ಲ. ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರರ ಹಾಡಿಕೆ ಕೇಳಿ ಬೆಳೆದವರನ್ನು ಕೂರಿಸಿಕೊಂಡು ಮಾತಾಡಿಸಿ ನೋಡಿ. ಶಿವಮತ ಭೈರವ, ಖಟ್, ಲಚ್ಚಾಸಾಖ್, ಬಹಾದುರಿ ತೋಡಿ, ಈ ರಾಗಗಳಲ್ಲಿ ಯಾವುದು ಹೆಚ್ಚು ಅಪರೂಪ, ಯಾವುದು ಹೆಚ್ಚು ವಕ್ರ ಅಂತ ರಾತ್ರಿಯಿಡೀ ವಾದ ಮಾಡುತ್ತಾರೆ. ನಾನೂ ಅಂಥ ವಾದಗಳಲ್ಲಿ ಕೂತವನು. ಅಲ್ಲಿ ಕಲಿತ ಒಂದು ಮಾತು ಇಲ್ಲಿಗೂ ಬೇಕು. ‘ವಿಚಿತ್ರ’ ಅಂದಾಗ ಯಾರ ಕಿವಿಗೆ ವಿಚಿತ್ರ ಅಂತ ಮೊದಲು ಕೇಳಬೇಕು. ನೀವು ನಾಲ್ವರೂ ಈ ಪಟ್ಟಿಯನ್ನು ಇಂಗ್ಲಿಷ್ ಪುಸ್ತಕಗಳಿಂದ, ಅಲ್ಲಿನ ಅಭಿಮಾನಿಗಳ ಮಾತಿನಿಂದ ಎತ್ತಿಕೊಂಡಿದ್ದೀರಿ. ಅದು ಬೀಟಲ್ಸ್‌ನ ಊರಾದ ಲಿವರ್‌ಪೂಲಿನ ಕಿವಿ ಮಾಡಿದ ಪಟ್ಟಿ. ಹುಬ್ಬಳ್ಳಿಯ ಕಿವಿಯಿಂದ ಕೇಳಿದರೆ ಸಾಲು ಬದಲಾಗುತ್ತದೆ.

ಚಿಕ್ಕದನ್ನು ಮೊದಲು ಮುಗಿಸೋಣ. ‘ವೈಲ್ಡ್ ಹನಿ ಪೈ’ 1968ರ ಬಿಳಿ ಕವರಿನ ಜೋಡಿ ಎಲ್‌ಪಿಯಲ್ಲಿದೆ. ಒಟ್ಟು 52 ಸೆಕೆಂಡು. ಬೀಟಲ್ಸ್ ನಾಲ್ವರಲ್ಲಿ ಪಾಲ್ ಮೆಕಾರ್ಟ್ನಿ ಒಬ್ಬನೇ ಎಲ್ಲ ವಾದ್ಯ ನುಡಿಸಿ, ಎಲ್ಲ ದನಿ ಹಾಡಿ ಮುಗಿಸಿದ್ದು. ಸ್ಟುಡಿಯೋದಲ್ಲಿ ಸುಮ್ನೆ ಆಡಿದ ಆಟ. ಅಷ್ಟೇ. ಅದಕ್ಕಿಂತ ಸಣ್ಣದು, ಆದರೆ ಅದಕ್ಕಿಂತ ಹೆಚ್ಚು ವಿಚಿತ್ರವಾದದ್ದು ‘ಹರ್ ಮೆಜೆಸ್ಟಿ’. 23 ಸೆಕೆಂಡು. 1969ರ ‘ಅಬೇ ರೋಡ್’ ಆಲ್ಬಂನ ಕೊನೆಯಲ್ಲಿದೆ. ಮೊದಲು ಅದು ಎರಡನೇ ಬದಿಯ ಹಾಡುಗಳ ಸರಮಾಲೆಯ ನಡುವೆ ಇತ್ತು. ಮೆಕಾರ್ಟ್ನಿಗೆ ಅಲ್ಲಿ ಹಿಡಿಸಲಿಲ್ಲ, ಬಿಸಾಕು ಅಂದರು. ಆದರೆ ಬೀಟಲ್ಸ್‌ ರೆಕಾರ್ಡ್ ಮಾಡಿದ ಯಾವ ಟೇಪನ್ನೂ ಎಸೆಯಬಾರದು ಅಂತ ಸ್ಟುಡಿಯೋದಲ್ಲಿ ಅಪ್ಪಣೆ ಇತ್ತು. ಹಾಗಾಗಿ ಜಾನ್ ಕರ್ಲ್ಯಾಂಡರ್ ಎಂಬ ಕಿರಿಯ ಎಂಜಿನಿಯರ್ ಆ ತುಂಡನ್ನು ರೀಲಿನ ತುದಿಗೆ, ನಡುವೆ ಖಾಲಿ ಟೇಪ್ ಬಿಟ್ಟು, ಅಂಟಿಸಿಟ್ಟರು. ಕೇಳಿದಾಗ ಮೆಕಾರ್ಟ್ನಿಗೆ ಇಷ್ಟವಾಯಿತು, ಹಾಗೇ ಉಳಿಯಿತು. ಶುರುವಿನಲ್ಲಿ ಕೇಳುವ ಆ ದೊಡ್ಡ ಹೊಡೆತ ಇದರದ್ದಲ್ಲ, ಮೊದಲು ಇದರ ಮುಂದಿದ್ದ ಹಾಡಿನ ಕೊನೆಯ ಹೊಡೆತ. ಇದರ ಸ್ವಂತ ಕೊನೆಯ ಸ್ವರವೇ ಇಲ್ಲ, ಕತ್ತರಿಗೆ ಹೋಗಿದೆ. ನಾನು ಇದನ್ನು ಮೊದಲು ಕೇಳಿದ್ದು ಕ್ಯಾಸೆಟ್ಟಿನಲ್ಲಿ. ಆಲ್ಬಂ ಮುಗಿಯಿತು ಅಂತ ಬಟನ್ ಒತ್ತಲು ಕೈ ಚಾಚಿದ್ದೆ. ಸುಮಾರು 14 ಸೆಕೆಂಡು ಮೌನ, ಆಮೇಲೆ ಧಡ್ ಅಂತ ಆ ಹೊಡೆತ. ಎದೆ ಝಲ್ಲೆಂದಿತ್ತು.

ಈಗ ಅಜ್ಜಿಯ ಹಾಡಿಗೆ ಬರುತ್ತೇನೆ. ‘ವಿದಿನ್ ಯು ವಿದೌಟ್ ಯು’ 1967ರ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಂನ ಎರಡನೇ ಬದಿಯ ಮೊದಲ ಹಾಡು. ಬೀಟಲ್ಸ್ ನಾಲ್ವರಲ್ಲಿ ಜಾರ್ಜ್ ಹ್ಯಾರಿಸನ್ ಒಬ್ಬರೇ ಇದರಲ್ಲಿದ್ದಾರೆ. ದಿಲ್‌ರುಬಾ (ಕಮಾನಿನಿಂದ ನುಡಿಸುವ ತಂತಿವಾದ್ಯ), ಸ್ವರಮಂಡಲ, ತಬಲಾ, ತಂಬೂರಿ ನುಡಿಸಿದವರು ಹೆಚ್ಚಾಗಿ ಲಂಡನ್ನಿನಲ್ಲಿದ್ದ ಭಾರತೀಯ ವಾದಕರು. ಅವರ ಹೆಸರನ್ನು ಕವರಿನ ಮೇಲೆ ಹಾಕಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು ‘ರಿವಾಲ್ವರ್’ ಆಲ್ಬಂನಲ್ಲಿ ತಬಲಾ ನುಡಿಸಿದ ಅನಿಲ್ ಭಾಗವತ್ ಅವರ ಹೆಸರು ಹಾಕಿದ್ದರು. ಇಲ್ಲಿ ಯಾಕೆ ಬಿಟ್ಟರೋ, ನನಗೆ ಈ ವಿಷಯದಲ್ಲಿ ಇವತ್ತಿಗೂ ಬೇಸರವಿದೆ. ಅದರಲ್ಲೂ ದಿಲ್‌ರುಬಾ ನುಡಿಸಿದವರ ಕೈ ಎಂಥದ್ದು ಅಂತ ಕೇಳಿ. ಹ್ಯಾರಿಸನ್ ಹಾಡಿದ್ದನ್ನೆಲ್ಲ ಅದು ನೆರಳಿನಂತೆ ಹಿಂಬಾಲಿಸುತ್ತದೆ. ನಮ್ಮ ಬೈಠಕ್‌ಗಳಲ್ಲಿ ಸಾರಂಗಿಯೋ ಹಾರ್ಮೋನಿಯಂನೋ ಹಾಡುಗಾರರ ಹಿಂದೆ ಹೋಗುತ್ತದಲ್ಲ, ಅದೇ ಕೆಲಸ.

ಸ್ವರಗಳು ಖಮಾಜ್ ಥಾಟಿನವು. ಎಲ್ಲ ಶುದ್ಧ, ನಿಷಾದ ಮಾತ್ರ ಕೋಮಲ. ಹಾಡಿನ ಭಾಗಕ್ಕೆ 16 ಮಾತ್ರೆಯ ತೀನ್‌ತಾಲದ ನಡೆ. ನಡುವೆ ವಾದ್ಯಗಳು ಸವಾಲ್-ಜವಾಬ್ ಮಾಡುವಾಗ 10 ಮಾತ್ರೆಯ ಝಪ್‌ತಾಲಕ್ಕೆ ಹೊರಳುತ್ತದೆ. ಇಂಗ್ಲಿಷ್ ಅಭಿಮಾನಿಗಳು ಅಲ್ಲೇ ದಾರಿ ತಪ್ಪುತ್ತಾರೆ. ನಾಲ್ಕು ನಾಲ್ಕು ಎಣಿಸುವ ಕಾಲು ಅಲ್ಲಿ ಎಡವುತ್ತದೆ. ನಿಮ್ಮ ಅಜ್ಜಿ ಎಣಿಸಲೂ ಇಲ್ಲ, ತಲೆಯಾಡಿಸಿರುತ್ತಾರೆ. ಅಲ್ವಾ?

ರೇಡಿಯೋದ ಮಾತು ಕೇಳಿ. ಹ್ಯಾರಿಸನ್ ಸ್ವತಃ ಹೇಳಿಕೊಂಡಿದ್ದಾರೆ, ರವಿಶಂಕರ್ ಆಕಾಶವಾಣಿಗಾಗಿ ಮಾಡಿದ್ದ ಒಂದು ದೀರ್ಘ ರಚನೆಯ ಮೇಲೆ ಈ ಹಾಡು ಕಟ್ಟಿದೆ ಅಂತ. ಅದನ್ನು ಐದು ನಿಮಿಷದಷ್ಟಕ್ಕೆ ಇಳಿಸಿದರು. ಅಂದರೆ ನಿಮ್ಮ ಅಜ್ಜಿ “ರೇಡಿಯೋದಾಗ ಬರ್ತಿತ್ತಲ್ಲ” ಅಂದದ್ದು ನೇರ ಗುರಿಗೆ ಬಿದ್ದ ಮಾತು. ಧಾರವಾಡ ಆಕಾಶವಾಣಿ 1950ರಿಂದ ಇದೆ. ನಮ್ಮ ಭಾಗದ ಎಷ್ಟೋ ಅಡುಗೆಮನೆಗಳಿಗೆ ಸಿತಾರು, ಸಾರಂಗಿ, ಖಯಾಲು ಬಂದದ್ದು ಅದರಿಂದಲೇ. ರಹಿಮತ್ ಖಾನ್, ಬಾಲೇಖಾನ್ ಮನೆತನದ ಸಿತಾರ್ ಧಾರವಾಡದಲ್ಲೇ ನುಡಿಯುತ್ತಿತ್ತು. ಹಿಟ್ಟು ನಾದುತ್ತಾ, ರೊಟ್ಟಿ ಬಡಿಯುತ್ತಾ ಅದನ್ನು ಕೇಳಿದವರ ಕಿವಿ ಅದು. ಆ ಕಿವಿಗೆ ಈ ಹಾಡು ಯಾಕೆ ವಿಚಿತ್ರ ಆಗಬೇಕು?

ಈ ಹಾಡಿನಲ್ಲಿ ನಮಗೆ ಹೊಸದು ಬೇರೆ ಎರಡಿವೆ. ಒಂದು, ಬೀಟಲ್ಸ್‌ನ ರೆಕಾರ್ಡ್ ನಿರ್ಮಾಪಕ ಜಾರ್ಜ್ ಮಾರ್ಟಿನ್ ಸೇರಿಸಿದ ಎಂಟು ವಯಲಿನ್, ಮೂರು ಚೆಲ್ಲೊ. ಪಾಶ್ಚಾತ್ಯ ವಾದಕರು ದಿಲ್‌ರುಬಾದ ಮೀಂಡನ್ನು ಕಾಗದ ನೋಡಿ ನುಡಿಸಬೇಕಿತ್ತು. ಸ್ವರದಿಂದ ಸ್ವರಕ್ಕೆ ಜಾರುವುದು ಅವರಿಗೆ ರೂಢಿ ಇರಲಿಲ್ಲ, ಕಷ್ಟಪಟ್ಟರು. ಎರಡು, ಕೊನೆಯಲ್ಲಿ ಬರುವ ನಗು. ಇಷ್ಟು ಗಂಭೀರ ಹಾಡಿನ ತುದಿಗೆ ಜನ ನಕ್ಕ ಸದ್ದನ್ನು ಹ್ಯಾರಿಸನ್ ಬೇಕೆಂದೇ ಹಾಕಿಸಿದರು. ವಿಚಿತ್ರ ಅಂತಿದ್ದರೆ ಆ ನಗು ಒಂದೇ.

‘ಟುಮಾರೋ ನೆವರ್ ನೋಸ್’ ಅರ್ಧ ನಮ್ಮದು, ಅರ್ಧ ಯಾರದ್ದೂ ಅಲ್ಲ. 1966ರ ಏಪ್ರಿಲ್‌ನಲ್ಲಿ ರೆಕಾರ್ಡ್ ಆಗಿ ‘ರಿವಾಲ್ವರ್’ ಆಲ್ಬಂನ ಕೊನೆಯ ಹಾಡಾಯಿತು. ಶುರುವಾಗುವುದೇ ತಂಬೂರಿಯಿಂದ. ಹಾಡೆಲ್ಲ ಒಂದೇ ಷಡ್ಜದ ಮೇಲೆ ನಿಂತಿದೆ. ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಬದಲಾಗಬೇಕು ಅಂತ ಕಾಯುವ ಕಿವಿಗೆ ಅದು ಉಸಿರುಗಟ್ಟಿಸುತ್ತದೆ. ಕುಂದಗೋಳದ ಸಂಗೀತೋತ್ಸವದಲ್ಲಿ ಬೆಳಗಿನ ತನಕ ಕೂತ ಕಿವಿಗೆ ಅದೇ ನೆಮ್ಮದಿ. ಅಲ್ಲೇ ಒಮ್ಮೆ ವೇದಿಕೆಯ ಪಕ್ಕ ತಂಬೂರಿ ಕೂಡಿಸುವುದನ್ನು ಹತ್ತಿರದಿಂದ ನೋಡಿದ್ದೆ. ತಂತಿಯ ಕೆಳಗೆ, ತಂತಿಯನ್ನು ಹೊರುವ ಕುದುರೆಯ ಮೇಲೆ, ಒಂದು ಎಳೆ ಹತ್ತಿಯ ದಾರ. ಅದನ್ನು ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ. ಸತ್ತಂತಿದ್ದ ತಂತಿ ಒಂದು ಕಡೆ ಬಂದಾಗ ಥಟ್ಟನೆ ಗುಂಯ್ ಅಂತ ಬಾಯಿ ಬಿಟ್ಟಿತು. ಆ ದಾರಕ್ಕೆ ಜೀವಾ ಅಂತಲೇ ಹೆಸರು. ಈ ಹಾಡಿನ ಮೊದಲ ಎರಡು ಸೆಕೆಂಡಿನಲ್ಲಿ ಕೇಳುವುದು ಅದೇ ಗುಂಯ್.

ಆಮೇಲಿನದ್ದು ಬೇರೆ ಲೋಕ. ಐದು ಟೇಪ್ ಲೂಪ್‌ಗಳು. ಟೇಪಿನ ತುಂಡೊಂದರ ಎರಡು ತುದಿ ಅಂಟಿಸಿ ಬಳೆಯ ಹಾಗೆ ಮಾಡಿದರೆ ಅದೇ ಸದ್ದು ತಿರುಗಿ ತಿರುಗಿ ಬರುತ್ತದೆ. ಸ್ಟುಡಿಯೋ ಕಟ್ಟಡದ ಬೇರೆ ಬೇರೆ ಕೋಣೆಗಳಲ್ಲಿದ್ದ ಮಷಿನ್‌ಗಳ ಮೇಲೆ ಅವು ಓಡುತ್ತಿದ್ದವು. ಬಳೆ ಜಾರದಂತೆ ಒಬ್ಬೊಬ್ಬರು ಪೆನ್ಸಿಲ್ ಹಿಡಿದು ನಿಂತಿದ್ದರು. ಐದೂ ಸದ್ದು ಒಂದೇ ಮಿಕ್ಸರ್‌ಗೆ ಬರುತ್ತಿದ್ದವು. ಆ ಹೊತ್ತಿಗೆ ಯಾವುದನ್ನು ಏರಿಸಬೇಕು, ಯಾವುದನ್ನು ಇಳಿಸಬೇಕು ಅನ್ನುವುದು ಕೈಬೆರಳಿಗೆ ಬಿಟ್ಟದ್ದು. ಕಡಲಹಕ್ಕಿ ಕೂಗಿದಂತೆ ಕೇಳುವುದು ಮೆಕಾರ್ಟ್ನಿಯ ನಗು, ವೇಗ ಹೆಚ್ಚಿಸಿದ್ದು. ಇದನ್ನು ಹಾಡಿದ ಬೀಟಲ್ ಜಾನ್ ಲೆನನ್ ದನಿಯನ್ನು ಹ್ಯಾಮಂಡ್ ಆರ್ಗನ್ನಿನ ಗಿರಗಿರ ತಿರುಗುವ ಲೆಸ್ಲಿ ಸ್ಪೀಕರ್ ಮೂಲಕ ಹಾಯಿಸಿದರು. ಬೆಟ್ಟದ ತುದಿಯಿಂದ ದಲೈ ಲಾಮಾ ಹಾಡಿದ ಹಾಗಿರಬೇಕು ಅಂತ ಲೆನನ್ ಕೇಳಿದ್ದರಂತೆ.

ಈ ಪೆನ್ಸಿಲ್ ಕೆಲಸ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಹುಬ್ಬಳ್ಳಿಯ ಒಂದು ಸಣ್ಣ ಸ್ಟುಡಿಯೋದಲ್ಲಿ ಕೆಲಸ ಕಲಿಯುವಾಗ ಹಳೆಯ ಸ್ಪೂಲ್ ಮಷಿನ್ ಇತ್ತು. ಈ ಹಾಡಿನ ಹುಚ್ಚಿನಲ್ಲಿ ನಾನೂ ಗೆಳೆಯನೂ ಎರಡು ಮಾರು ಉದ್ದದ ಬಳೆ ಮಾಡಿದೆವು. ನಾನು ಬಾಗಿಲ ಹತ್ತಿರ ಪೆನ್ಸಿಲ್ ಹಿಡಿದು ನಿಂತೆ. ಸ್ವಲ್ಪ ಬಿಗಿ ಹೆಚ್ಚಾದರೆ ಸ್ವರ ಇಳಿಯುತ್ತದೆ. ಸ್ವಲ್ಪ ಸಡಿಲವಾದರೆ ಟೇಪು ನೆಲಕ್ಕೆ. ಹತ್ತು ನಿಮಿಷದಲ್ಲಿ ಕೈ ನಡುಗತೊಡಗಿತು. ಅಬೇ ರೋಡ್‌ನಲ್ಲಿ ಅಷ್ಟೂ ಜನ ಹಾಗೆ ನಿಂತು, ಒಂದೇ ಸಲಕ್ಕೆ ಸಿಕ್ಕಿದ ಸದ್ದು ಅದು. ಇನ್ನೊಮ್ಮೆ ಅದೇ ರೀತಿ ಮಾಡಲು ಯಾರಿಂದಲೂ ಆಗದು. ಬೈಠಕ್ಕಿನಲ್ಲಿ ಒಂದು ರಾತ್ರಿ ಹಾಡಿದ ಮಾರ್ವಾ ರಾಗ ಮರುದಿನ ಹಾಗೇ ಬರುವುದಿಲ್ಲವಲ್ಲ, ಹಾಗೆ. ಹಾಗಾಗಿ ಈ ಹಾಡು ನನಗೆ ತುಂಬಾ ಪ್ರೀತಿಯದು. ವಿಚಿತ್ರ ಅನ್ನಲು ಮಾತ್ರ ಬಾಯಿ ಬರುವುದಿಲ್ಲ.

‘ರೆವಲ್ಯೂಷನ್ 9’ ಅಂದ ಗೆಳೆಯರಿಗೆ ಹೆಚ್ಚಿನ ಗೌರವ ಕೊಡಬೇಕು. ಬಿಳಿ ಆಲ್ಬಂನ 30 ಹಾಡುಗಳಲ್ಲಿ ಇದೇ ಉದ್ದ, 8 ನಿಮಿಷ 22 ಸೆಕೆಂಡು. ಇದೇ ಆಲ್ಬಂನ ‘ರೆವಲ್ಯೂಷನ್ 1’ ಮೊದಲು ಹತ್ತು ನಿಮಿಷಕ್ಕೂ ಜಾಸ್ತಿ ಇತ್ತು. ಅದರ ಬಾಲ ಕತ್ತರಿಸಿ, ಆ ಬಾಲದ ಮೇಲೆ ಲೆನನ್ ಈ ಸದ್ದಿನ ರಾಶಿ ಕಟ್ಟಿದರು. ಜೊತೆಗಿದ್ದವರು ಲೆನನ್ ಸಂಗಾತಿ ಯೋಕೋ ಓನೊ, ಹ್ಯಾರಿಸನ್. 1968ರ ಜೂನ್‌ನಲ್ಲಿ ಹೆಚ್ಚಿನ ಕೆಲಸ ನಡೆದಾಗ ಮೆಕಾರ್ಟ್ನಿ ಊರಲ್ಲಿರಲಿಲ್ಲ. ಬಂದ ಮೇಲೆ ಕೇಳಿ, ಆಲ್ಬಂನಲ್ಲಿ ಬೇಡ ಅಂದರು. ಜಾರ್ಜ್ ಮಾರ್ಟಿನ್ ಅವರಿಗೂ ಬೇಡವಾಗಿತ್ತು. ಲೆನನ್ ಬಿಡಲಿಲ್ಲ.

ಇದು ಹಾಡೇ ಅಲ್ಲ ಅನ್ನುವವರು ನಿಮ್ಮ ಗುಂಪಿನಲ್ಲೂ ಇರಬೇಕು. ಅವರಿಗೆ ಒಂದು ಮಾತು. ಇದರಲ್ಲಿ ‘ನಂಬರ್ ನೈನ್, ನಂಬರ್ ನೈನ್’ ಅಂತ ಒಂದು ದನಿ ಬರುತ್ತದೆ. ಸ್ಟುಡಿಯೋದ ಕಪಾಟಿನಲ್ಲಿ ಸಿಕ್ಕ, ಸಂಗೀತ ಪರೀಕ್ಷೆಯ ಟೇಪಿನಿಂದ ಎತ್ತಿಕೊಂಡ ದನಿ ಅದು. ಜನರ ಗದ್ದಲ, ಹಿಂದುಮುಂದಾಗಿ ಓಡುವ ಆರ್ಕೆಸ್ಟ್ರಾ, ಪಿಯಾನೊ, ಕಿರುಚಾಟ, ಎಲ್ಲದರ ನಡುವೆ ಆ ದನಿ ಮತ್ತೆ ಮತ್ತೆ ಮರಳುತ್ತದೆ. ನಾನು ಅದನ್ನು ಮುಖಡಾ, ಅಂದರೆ ಬಂದಿಶಿನಲ್ಲಿ ಮತ್ತೆ ಮತ್ತೆ ಬರುವ ಮೊದಲ ತುಣುಕು, ಅಂತ ಕೇಳುತ್ತೇನೆ. ಹಾಡುಗಾರ ಎಲ್ಲೆಲ್ಲೋ ಅಲೆದು ಮುಖಡಾ ಹಿಡಿದು ತಾಳದ ಮೊದಲ ಮಾತ್ರೆಯಾದ ಸಮ್‌ಗೆ ಬರುತ್ತಾನಲ್ಲ, ಹಾಗೆ ನಮಗೊಂದು ನೆಲೆ ಕೊಡುತ್ತದೆ ಅದು. ಒಂದೇ ಕೊರತೆ, ಮುಖಡಾ ಇದೆ, ತಾಳವಿಲ್ಲ. ಯಾವಾಗ ಬರುತ್ತದೆ ಅಂತ ಗೊತ್ತಾಗುವುದಿಲ್ಲ. ಒಮ್ಮೆ ಹೀಗೆ ಕೇಳಿ ನೋಡಿ. ಹೆಡ್‌ಫೋನ್ ಹಾಕಿಕೊಂಡು, ದೀಪ ಆರಿಸಿ. ಸದ್ದುಗಳು ಎಡಗಿವಿಯಿಂದ ಬಲಗಿವಿಗೆ ನಡೆದಾಡುವುದು ಆಗ ಗೊತ್ತಾಗುತ್ತದೆ. ಮುಗಿದ ತಕ್ಷಣ ಬೀಟಲ್ಸ್‌ನ ಡ್ರಮ್ಮರ್ ರಿಂಗೋ ಸ್ಟಾರ್ ಹಾಡಿದ ಜೋಗುಳ ಬರುತ್ತದೆ. ಲೆನನ್ ತನ್ನ ಮಗನಿಗಾಗಿ ಬರೆದದ್ದು. ಆ ಗದ್ದಲದ ಮೇಲೆ ಆ ಜೋಗುಳ ಬಿದ್ದಾಗ ನನಗೆ ಪ್ರತಿ ಸಲವೂ ಗಂಟಲು ಬಿಗಿಯುತ್ತದೆ.

ಇಡೀ ಹಾಡನ್ನು ಲೆಕ್ಕಕ್ಕೆ ಹಿಡಿದರೆ ನಿಮ್ಮ ಪಟ್ಟಿಯಲ್ಲಿ ಗೆದ್ದದ್ದು ಇದೇ. ಲಿವರ್‌ಪೂಲಿನ ಕಿವಿಗೂ ವಿಚಿತ್ರ, ಹುಬ್ಬಳ್ಳಿಯ ಕಿವಿಗೂ ವಿಚಿತ್ರ.

ಆದರೆ ನನ್ನ ಮತ ನಿಮ್ಮ ಪಟ್ಟಿಯಲ್ಲಿ ಇಲ್ಲದ ಹಾಡಿಗೆ. ‘ಎ ಡೇ ಇನ್ ದ ಲೈಫ್’. ಸಾರ್ಜೆಂಟ್ ಪೆಪ್ಪರ್‌ನ ಕೊನೆಯದು. ಅದು ಎಲ್ಲರೂ ಹೊಗಳುವ ಹಾಡಲ್ಲವೇ, ವಿಚಿತ್ರ ಎಲ್ಲಿ ಬಂತು ಅನ್ನುತ್ತೀರಿ. ಲೆನನ್ ಹಾಡಿದ ಭಾಗಕ್ಕೂ ಮೆಕಾರ್ಟ್ನಿ ಹಾಡಿದ ಭಾಗಕ್ಕೂ ನಡುವೆ 24 ಬಾರ್‌ಗಳ (ನಮ್ಮ ತಾಳದ ಆವರ್ತನದಂಥ ಅಳತೆ) ಒಂದು ಜಾಗ ಇದೆ. ಕೊನೆಯಲ್ಲಿ ಮತ್ತೊಮ್ಮೆ ಬರುತ್ತದೆ. ನಾನು ಹೇಳುವುದು ಆ ಜಾಗದ ಬಗ್ಗೆ.

ಮೊದಲು ರೆಕಾರ್ಡ್ ಮಾಡಿದಾಗ ಅಲ್ಲಿ ಏನು ತುಂಬಬೇಕು ಅಂತ ಅವರಿಗೇ ತಿಳಿದಿರಲಿಲ್ಲ. ಖಾಲಿ ಬಿಟ್ಟರು. ಅಳತೆ ತಪ್ಪಬಾರದು ಅಂತ ಅವರ ಸಹಾಯಕ ಮಾಲ್ ಇವಾನ್ಸ್ ಒಂದು, ಎರಡು, ಮೂರು ಅಂತ 24ರ ತನಕ ಗಟ್ಟಿಯಾಗಿ ಎಣಿಸಿದರು. ಕೊನೆಗೆ ಅಲಾರಂ ಗಡಿಯಾರ ಬಾರಿಸಿದರು. ಕಿವಿಗೊಟ್ಟರೆ ಆ ಎಣಿಕೆ ಇವತ್ತಿಗೂ ಹಿಂದೆಲ್ಲೋ ಕೇಳುತ್ತದೆ. ತಬಲಾ ಕಲಿಸುವ ಗುರು ಕೈಬೆರಳ ಮೇಲೆ ಮಾತ್ರೆ ಎಣಿಸಿದ ಹಾಗೆ. ಅಲಾರಂ ಅಂತೂ ಸ್ಪಷ್ಟ. ಮುಂದಿನ ಸಾಲು ನಿದ್ದೆಯಿಂದ ಏಳುವ ಮಾತಿನಿಂದಲೇ ಶುರುವಾಗುತ್ತದೆ, ಹಾಗಾಗಿ ಅದನ್ನು ತೆಗೆಯಲಿಲ್ಲ.

1967ರ ಫೆಬ್ರವರಿ 10ರಂದು 40 ಜನರ ಆರ್ಕೆಸ್ಟ್ರಾ ಬಂತು. ಎಲ್ಲರೂ ದೊಡ್ಡ ದೊಡ್ಡ ವಾದ್ಯಗೋಷ್ಠಿಗಳಲ್ಲಿ ನುಡಿಸುವವರು. ಜಾರ್ಜ್ ಮಾರ್ಟಿನ್ ಅವರಿಗೆ ಹೇಳಿದ್ದು ಇಷ್ಟೇ. ನಿಮ್ಮ ವಾದ್ಯದ ಅತಿ ಕೆಳಗಿನ ಸ್ವರದಿಂದ ಶುರು ಮಾಡಿ, 24 ಬಾರ್ ಮುಗಿಯುವಾಗ ಅತಿ ಮೇಲಿನ ಸ್ವರಕ್ಕೆ ಮುಟ್ಟಿ. ದಾರಿ ನಿಮಗೆ ಬಿಟ್ಟದ್ದು. ಪಕ್ಕದವರ ಜೊತೆ ಸೇರಿಕೊಂಡು ಹೋದರೆ ಅದು ತಪ್ಪು.

ಈ ಕೊನೆಯ ಮಾತು ಇನ್ನೊಮ್ಮೆ ಓದಿ. ಪಕ್ಕದವರ ಜೊತೆ ಸೇರಿದರೆ ತಪ್ಪು! ನಮ್ಮ ಕಡೆಯ ಸಂಗೀತದ ಮೊದಲ ಪಾಠವೇ ಇದರ ಉಲ್ಟಾ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಸವಾಯಿ ಗಂಧರ್ವರ ಬಳಿ ಕಲಿಯಲು ಹೋಗುತ್ತಿದ್ದರು. ಒಂದೇ ಸ್ವರಗುಚ್ಛವನ್ನು ದಿನಗಟ್ಟಲೆ ತಿದ್ದಿಸಿಕೊಂಡು ಬರುತ್ತಿದ್ದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಇವತ್ತಿಗೂ ಬೆಳಗಿನ ಹೊತ್ತು ಹೋದರೆ ಮಕ್ಕಳು ಸಾ ಹಿಡಿದು ಕೂತಿರುವುದು ಕೇಳುತ್ತದೆ. ಪಕ್ಕದವನ ಸಾಕ್ಕೂ ನಿನ್ನ ಸಾಕ್ಕೂ ಕೂದಲೆಳೆ ಅಂತರ ಇರಬಾರದು. ಅದಕ್ಕೇ ವರ್ಷಗಟ್ಟಲೆ ಕೂರುವುದು. ಒಂದು ಸಾ ಸಿಕ್ಕ ಮೇಲೆ ಮಿಕ್ಕದ್ದೆಲ್ಲ. ಆ 24 ಬಾರ್‌ಗಳಲ್ಲಿ ಸಾ ಎಂಬುದೇ ಇಲ್ಲ. 40 ಜನ ನುರಿತವರು, ಒಬ್ಬರ ಸೂರ್ ಇನ್ನೊಬ್ಬರಿಗೆ ಮುಟ್ಟದ ಹಾಗೆ, ಒಟ್ಟಿಗೇ ಮೇಲೆ ಹತ್ತುತ್ತಾರೆ. ಅದನ್ನೂ ನಾಲ್ಕು ಸಲ ರೆಕಾರ್ಡ್ ಮಾಡಿ ಒಂದರ ಮೇಲೊಂದು ಹೊದಿಸಿದರು. 160 ಜನ ನುಡಿಸಿದಷ್ಟು ದಪ್ಪ.

ಸಿತಾರ್ ಕೇಳಿ ಲಿವರ್‌ಪೂಲಿನವರಿಗೆ ಆದದ್ದು ನನಗೆ ಇಲ್ಲಿ ಆಯಿತು. ಮೊದಲ ಸಲ ಕೇಳಿದಾಗ ಹೊಟ್ಟೆ ತೊಳೆಸಿದಂತಾಯಿತು, ನಿಜ ಹೇಳುತ್ತೇನೆ. ಹಿಡಿದುಕೊಳ್ಳಲು ಕಂಬವೇ ಇಲ್ಲ. ‘ರೆವಲ್ಯೂಷನ್ 9’ ಮೊದಲಿನಿಂದಲೇ ನಾನು ಗದ್ದಲ ಅಂತ ಹೇಳಿಕೊಂಡು ಬರುತ್ತದೆ, ನಾವೂ ಗಟ್ಟಿಯಾಗಿ ಕೂರುತ್ತೇವೆ. ಇಲ್ಲಿ ಒಂದು ಮೆಲುದನಿಯ ಚಂದದ ಹಾಡು ಕೈಹಿಡಿದು ಕರೆದುಕೊಂಡು ಹೋಗಿ ನಡುವೆ ಕೈ ಬಿಟ್ಟುಬಿಡುತ್ತದೆ. ನನಗೆ ಇದೇ ಹೆಚ್ಚು ವಿಚಿತ್ರ.

ಎರಡನೇ ಸಲದ ಏರಿಕೆ ಮುಗಿದ ಮೇಲೆ ಒಂದು ಗಳಿಗೆ ಮೌನ. ಆಮೇಲೆ ಆ ಕೊನೆಯ ಕಾರ್ಡ್. ಮೂರು ಪಿಯಾನೊಗಳ ಮೇಲೆ ಒಟ್ಟಿಗೆ ಕೈ ಬಿದ್ದದ್ದು, ಜೊತೆಗೆ ಹಾರ್ಮೋನಿಯಂ. 40 ಸೆಕೆಂಡಿಗೂ ಜಾಸ್ತಿ ನಿಲ್ಲುತ್ತದೆ. ಪಿಯಾನೊ ಅಷ್ಟು ಹೊತ್ತು ನಿಲ್ಲದು. ಸದ್ದು ಇಳಿಯುತ್ತಾ ಹೋದಂತೆ ಎಂಜಿನಿಯರ್ ಫೇಡರ್, ಅಂದರೆ ಸದ್ದಿನ ಮಟ್ಟದ ಗುಂಡಿ, ಏರಿಸುತ್ತಾ ಹೋದರು. ಕೊನೆಕೊನೆಗೆ ಮೈಕ್ ಎಷ್ಟು ಸೂಕ್ಷ್ಮವಾಗಿತ್ತೆಂದರೆ ಕೋಣೆಯ ಉಸಿರೇ ಕೇಳಿಸುತ್ತದೆ. ಯಾರೋ ಕುರ್ಚಿಯಲ್ಲಿ ಕದಲಿ ಕಿರ್ ಅಂದದ್ದೂ ಇದೆ. ಅಷ್ಟು ಹೊತ್ತು ಇಲ್ಲದಿದ್ದ ಸಾ ಅಲ್ಲಿ ಸಿಗುತ್ತದೆ. ಆಗ ನಾನು ಉಸಿರು ಬಿಡುತ್ತೇನೆ.

ಮುಂದಿನ ಭಾನುವಾರ ಕೆರೆ ದಂಡೆಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಫೋನಿನ ಸ್ಪೀಕರ್ ಬೇಡ, ಅದರಲ್ಲಿ ಎಣಿಕೆಯೂ ಕೇಳದು, ಕುರ್ಚಿಯೂ ಕೇಳದು. ಮನೆಯಲ್ಲಿ ಒಳ್ಳೆಯ ಹೆಡ್‌ಫೋನ್ ಇದ್ದರೆ ಅಜ್ಜಿಯ ಕಿವಿಗೆ ಹಾಕಿ, ಆ 24 ಬಾರ್ ಮತ್ತು ಕೊನೆಯ ಕಾರ್ಡ್ ಎರಡನ್ನೂ ಕೇಳಿಸಿ. ಮೊದಲೇ ಏನೂ ಹೇಳಬೇಡಿ. ಅವರು ಏನಂದರು ಅಂತ, ಅವರದೇ ಮಾತಿನಲ್ಲಿ, ನನಗೆ ಬರೆದು ಕಳಿಸಿ.